ತರಂಗಾಂತರ ಕೈಲಿಲ್ಲದ ನಾಡಿನ ಐಟಿ: ಪ್ಯಾಲೆಸ್ಟೀನಿನಲ್ಲಿ ಸರ್ಕಾರದ ಪಾಲೆಷ್ಟು, ಸೇವಾಸಂಸ್ಥೆಗಳ ಪಾಲೆಷ್ಟು?

2015ರ ಅಕ್ಟೋಬರ್‌ನಲ್ಲಿ ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಪ್ಯಾಲೆಸ್ಟೀನ್‌ಗೆ ಹೋಗಿದ್ದರು. ಜೆರುಸಲೇಮ್ ಪಕ್ಕದ ಅಬು ದಿಸ್ ಊರಿನಲ್ಲಿ ಅಲ್-ಕುದ್ಸ್ ವಿಶ್ವವಿದ್ಯಾಲಯ ಇದೆ. ಭಾರತದ ಕಡೆಯಿಂದ ಅಲ್ಲಿಗೆ ಒಂದು ಉಡುಗೊರೆ ಹೊರಟಿತ್ತು: 30 ಕಂಪ್ಯೂಟರ್, ಜೊತೆಗೆ ಒಂದಿಷ್ಟು ಸಂವಹನ ಸಲಕರಣೆ. ಕೊಡುವವರು ಒಂದು ದೇಶದ ರಾಷ್ಟ್ರಪತಿ, ತೆಗೆದುಕೊಳ್ಳುವವರು ಕಾಲೇಜು ಮಕ್ಕಳು. ಆದರೂ ಆ ಸಾಮಾನು ಇಸ್ರೇಲಿನ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಸಂವಹನ ಸಲಕರಣೆಗಳಿಗಂತೂ ಒಪ್ಪಿಗೆಯೇ ಸಿಗಲಿಲ್ಲ. ಅವು ಬಳಸುವ ತರಂಗಾಂತರಕ್ಕೆ, ಅಂದರೆ ಸಿಗ್ನಲ್ ಹೊತ್ತೊಯ್ಯುವ ರೇಡಿಯೊ ಅಲೆಗಳ ಪಟ್ಟಿಗೆ, ಅನುಮತಿ ಇಲ್ಲ ಅನ್ನುವುದು ಕೊಟ್ಟ ಕಾರಣ.

ಪ್ಯಾಲೆಸ್ಟೀನಿನ ಐಟಿ ಕ್ಷೇತ್ರದ ಕಥೆ ಅರ್ಥವಾಗಬೇಕಾದರೆ ಈ ಒಂದು ಪ್ರಸಂಗ ನೆನಪಿಟ್ಟುಕೊಂಡರೆ ಸಾಕು. ಅಲ್ಲಿ ಸರ್ಕಾರ ಇದೆ, ಐಟಿಗೆ ಸಚಿವಾಲಯ ಇದೆ, ಸಚಿವರೂ ಇದ್ದಾರೆ. ಆದರೆ ಒಂದು ರೂಟರ್ ಒಳಗೆ ಬರಬೇಕಾ ಬೇಡವಾ ಅನ್ನುವುದನ್ನು ತೀರ್ಮಾನಿಸುವವರು ಬೇರೆ. ಹಾಗಾಗಿ ಬೇರೆ ಕಡೆ ಸರ್ಕಾರ ಮಾಡುವ ಎಷ್ಟೋ ಕೆಲಸಕ್ಕೆ ಅಲ್ಲಿ ಸೇವಾಸಂಸ್ಥೆಗಳು ಹೆಗಲು ಕೊಟ್ಟಿವೆ. ಅವು ಎಲ್ಲಿಯವರೆಗೆ ಹೊರಬಲ್ಲವು, ಎಲ್ಲಿ ಸೋಲುತ್ತವೆ ಅನ್ನುವುದನ್ನು ನೋಡೋಣ.

ಮೊದಲು ಒಪ್ಪಂದದ ಮಾತು. 1993ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವೆ ಓಸ್ಲೋ ಒಪ್ಪಂದ ಆಯಿತು. ಅದರಿಂದ ಪ್ಯಾಲೆಸ್ಟೀನ್ ಪ್ರಾಧಿಕಾರ, ಅಂದರೆ ಅಲ್ಲಿನ ಸೀಮಿತ ಅಧಿಕಾರದ ಸರ್ಕಾರ, ಹುಟ್ಟಿತು. 1995ರ ಎರಡನೇ ಓಸ್ಲೋ ಒಪ್ಪಂದದಲ್ಲಿ ದೂರಸಂಪರ್ಕಕ್ಕೇ ಒಂದು ವಿಧಿ ಇದೆ. ಸ್ವಂತ ಸಂವಹನ ಜಾಲ ಕಟ್ಟಿ ನಡೆಸುವ ಹಕ್ಕು ಪ್ಯಾಲೆಸ್ಟೀನಿಯರಿಗೆ ಇದೆ ಅಂತ ಅದು ಹೇಳುತ್ತದೆ. ಓದಿದರೆ ಖುಷಿಯಾಗುತ್ತದೆ. ಮುಂದಿನ ಸಾಲುಗಳಲ್ಲಿ ಮಾತ್ರ ತರಂಗಾಂತರ ಬೇಕಾದರೆ ಎರಡೂ ಕಡೆಯವರಿರುವ ಜಂಟಿ ತಾಂತ್ರಿಕ ಸಮಿತಿಗೆ ಕೇಳಬೇಕು ಅಂತಿದೆ. ಸಮಿತಿಯ ಹೆಸರು ಜಂಟಿ. ಆದರೆ ಇಸ್ರೇಲ್ ಒಪ್ಪದೆ ಏನೂ ಮುಂದೆ ಹೋಗುವುದಿಲ್ಲ. ಮನೆ ನಿಮ್ಮದೇ, ಕರೆಂಟಿನ ಮೇನ್ ಸ್ವಿಚ್ ಮಾತ್ರ ಪಕ್ಕದ ಮನೆಯಲ್ಲಿದೆ ಅಂದ ಹಾಗೆ.

ನೆಲದ ಕಥೆಯೂ ಹಾಗೇ. ಪ್ಯಾಲೆಸ್ಟೀನ್ ಅಂದರೆ ಒಂದಕ್ಕೊಂದು ಅಂಟದ ಎರಡು ತುಂಡು: ಪಶ್ಚಿಮ ದಂಡೆ ಮತ್ತು ಸಮುದ್ರ ತೀರದ ಗಾಜಾ. ಪಶ್ಚಿಮ ದಂಡೆಯನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿದ್ದಾರೆ. ಸುಮಾರು 60 ಶೇಕಡಾ ಜಾಗ ಸಿ ವಲಯ, ಅದು ಪೂರ್ತಿ ಇಸ್ರೇಲಿನ ಹಿಡಿತದಲ್ಲಿದೆ. ಪ್ಯಾಲೆಸ್ಟೀನಿನ ಊರುಗಳು ಅದರ ನಡುವೆ ದ್ವೀಪಗಳ ಹಾಗೆ ಚದುರಿವೆ. ಒಂದು ಊರಿಂದ ಇನ್ನೊಂದಕ್ಕೆ ಕೇಬಲ್ ಎಳೆಯಬೇಕು, ಗುಡ್ಡದ ಮೇಲೆ ಒಂದು ಟವರ್ ನಿಲ್ಲಿಸಬೇಕು ಅಂದರೆ ಸಿ ವಲಯ ದಾಟಲೇಬೇಕು. ದಾಟಲು ಅನುಮತಿ ಬೇಕು. ಅದೇ ಸಿ ವಲಯದ ವಸಾಹತುಗಳಲ್ಲಿ, ಅಂದರೆ ಇಸ್ರೇಲಿಯರು ಅಲ್ಲಿ ಕಟ್ಟಿಕೊಂಡ ಊರುಗಳಲ್ಲಿ, ಇಸ್ರೇಲಿ ಕಂಪನಿಗಳ ಟವರ್‌ಗಳಿವೆ. ಅವುಗಳ ಸಿಗ್ನಲ್ ಪ್ಯಾಲೆಸ್ಟೀನಿನ ಊರುಗಳ ಒಳಗೂ ಸಿಗುತ್ತದೆ. ಹಾಗಾಗಿ ಎಷ್ಟೋ ಜನ ಅಲ್ಲಿ ಇಸ್ರೇಲಿ ಸಿಮ್ ಬಳಸುತ್ತಾರೆ. ಆ ದುಡ್ಡಿನಲ್ಲಿ ಪ್ರಾಧಿಕಾರಕ್ಕೆ ತೆರಿಗೆಯೂ ಇಲ್ಲ, ಪರವಾನಗಿ ಶುಲ್ಕವೂ ಇಲ್ಲ.

ಇದರ ಪರಿಣಾಮ ಎಷ್ಟು ಅನ್ನುವುದಕ್ಕೆ 3ಜಿ ಕಥೆ ನೋಡಿ. ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ಟೀನಿನ ಮೊಬೈಲ್ ಕಂಪನಿಗಳಿಗೆ 3ಜಿ ಬಂದದ್ದು 2018ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ನಮ್ಮಲ್ಲಿ ಜಿಯೋ 4ಜಿ ಬಂದು ಒಂದು ವರ್ಷ ದಾಟಿತ್ತು, ಹಳ್ಳಿ ಹಳ್ಳಿಯಲ್ಲಿ ಜನ ಫೋನಿನಲ್ಲೇ ಸಿನಿಮಾ ನೋಡುತ್ತಿದ್ದರು. ಗಾಜಾಗೆ ಅದೂ ಸಿಗಲಿಲ್ಲ, ಅಲ್ಲಿ 2ಜಿಯೇ ಮುಂದುವರಿಯಿತು. 2022ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಬಂದಾಗ, 2023 ಮುಗಿಯುವುದರೊಳಗೆ 4ಜಿ ಬರುತ್ತದೆ ಅಂತ ಘೋಷಣೆಯಾಯಿತು. ಆ ಗಡುವು ಹಾಗೇ ಕಳೆದುಹೋಯಿತು.

ಸುಮ್ನೆ ಯೋಚನೆ ಮಾಡಿ. ಪ್ರಾಧಿಕಾರದ ಕಚೇರಿಗಳಿರುವ ಪಶ್ಚಿಮ ದಂಡೆಯ ಊರು ರಮಲ್ಲಾದ ಒಬ್ಬ ಹುಡುಗ 2014ರಲ್ಲಿ ಟ್ಯಾಕ್ಸಿ ಆ್ಯಪ್ ಮಾಡಬೇಕು ಅಂತ ಹೊರಡುತ್ತಾನೆ. ಪ್ರತಿಭೆ ಇದೆ, ಓದು ಇದೆ. ರಸ್ತೆಯಲ್ಲಿ ನಿಂತ ಗಿರಾಕಿಯ ಫೋನಿಗೆ ಡೇಟಾ ಇಲ್ಲ. ಆ್ಯಪ್ ಯಾರಿಗೆ ಮಾಡುವುದು? ಮೊಬೈಲ್ ಇಂಟರ್‌ನೆಟ್ ಮೇಲೆ ಜಗತ್ತೆಲ್ಲ ವ್ಯಾಪಾರ ಕಟ್ಟಿದ ಆ ಹತ್ತು ವರ್ಷ ಪ್ಯಾಲೆಸ್ಟೀನಿಗೆ ಸಿಗಲೇ ಇಲ್ಲ. ಈ ಕ್ಷೇತ್ರಕ್ಕಾದ ದೊಡ್ಡ ಪೆಟ್ಟು ಇದೇ ಅಂತ ನನಗನ್ನಿಸುತ್ತದೆ. ಹಾಗಿದ್ದೂ ಕೆಲವರು ಇದ್ದದ್ದರಲ್ಲೇ ದಾರಿ ಮಾಡಿಕೊಂಡರು. 2006ರಲ್ಲಿ ಸೂಕ್‌ಟೆಲ್ ಅನ್ನುವ ಸಂಸ್ಥೆ ಬರೀ ಎಸ್‌ಎಂಎಸ್ ಮೂಲಕ ಕೆಲಸ ಹುಡುಕಿಕೊಡುವ ಸೇವೆ ಶುರು ಮಾಡಿತು. ಸೂಕ್ ಅಂದರೆ ಅರಬ್ಬಿಯಲ್ಲಿ ಸಂತೆ. ಏನು ಓದಿದ್ದೀರಿ, ಯಾವ ಊರು ಅಂತ ಮೆಸೇಜ್ ಹಾಕಿದರೆ ಹೊಂದುವ ಕೆಲಸದ ವಿವರ ಮೆಸೇಜಿನಲ್ಲೇ ಬರುತ್ತಿತ್ತು.

ಹಾಗಾದರೆ ಸರ್ಕಾರ ಏನೂ ಮಾಡಲಿಲ್ಲವಾ? ಮಾಡಿದೆ. ಮೊದಲು ಮಾಡಿದ್ದು ಪಾಲ್ಟೆಲ್ ಕಂಪನಿಗೆ ಪರವಾನಗಿ ಕೊಟ್ಟದ್ದು. ಅದು 1997ರಿಂದ ಫೋನ್ ಜಾಲ ನಡೆಸತೊಡಗಿತು. ಅದರ ಮೊಬೈಲ್ ಕಂಪನಿ ಜವ್ವಾಲ್ 1999ರಲ್ಲಿ ಬಂತು. ಮನೆ ಫೋನಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಜನಕ್ಕೆ ಅದು ದೊಡ್ಡ ಬದಲಾವಣೆ. ಆದರೆ ಶುರುವಿನ ವರ್ಷಗಳಲ್ಲಿ ಒಂದೇ ಕಂಪನಿಗೆ ಮಾರುಕಟ್ಟೆ ಪೂರ್ತಿ ಬಿಟ್ಟುಕೊಟ್ಟದ್ದರಿಂದ ಪೈಪೋಟಿ ಇರಲಿಲ್ಲ. ಎರಡನೇ ಮೊಬೈಲ್ ಕಂಪನಿ ವತನಿಯಾ, ಅಂದರೆ ಇವತ್ತಿನ ಊರೀಡೂ, ಪಶ್ಚಿಮ ದಂಡೆಯಲ್ಲಿ ಸೇವೆ ಶುರು ಮಾಡಿದ್ದು 2009ರಲ್ಲಿ. ತರಂಗಾಂತರಕ್ಕಾಗಿ ಕಾದೂ ಕಾದೂ ಅಷ್ಟು ತಡವಾಯಿತು. ಗಾಜಾಗೆ ಅದು ಕಾಲಿಟ್ಟದ್ದು 2017ರಲ್ಲಿ.

ಸರ್ಕಾರದ ಕಡೆಯಿಂದ ಆದ ಇನ್ನೊಂದು ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ವೆಬ್‌ಸೈಟ್ ವಿಳಾಸದ ಕೊನೆಯಲ್ಲಿ ಭಾರತಕ್ಕೆ ಡಾಟ್ ಇನ್ ಇರುವ ಹಾಗೆ ಪ್ಯಾಲೆಸ್ಟೀನಿಗೆ ಡಾಟ್ ಪಿಎಸ್ ಇದೆ. ಈ ಎರಡಕ್ಷರ ಸಿಗುವುದು ಹೇಗೆ? ಯಾವುದು ದೇಶ, ಯಾವುದು ಅಲ್ಲ ಅನ್ನುವ ತಕರಾರಿಗೆ ಇಂಟರ್‌ನೆಟ್ ವಿಳಾಸ ನೋಡಿಕೊಳ್ಳುವವರು ತಲೆಹಾಕುವುದಿಲ್ಲ. ಅಂತರರಾಷ್ಟ್ರೀಯ ಮಾನಕಗಳನ್ನು ನಿಗದಿಮಾಡುವ ಐಎಸ್‌ಒ ಸಂಸ್ಥೆಯ ದೇಶ ಸಂಕೇತಗಳ ಪಟ್ಟಿಯಲ್ಲಿ ಹೆಸರು ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ಆ ಪಟ್ಟಿಗೆ ವಿಶ್ವಸಂಸ್ಥೆಯ ಪಟ್ಟಿಗಳೇ ಆಧಾರ. 1999ರಲ್ಲಿ ಐಎಸ್‌ಒ ಪಟ್ಟಿಗೆ ಪ್ಯಾಲೆಸ್ಟೀನಿನ ಹೆಸರು ಸೇರಿತು. 2000ದ ಮಾರ್ಚ್‌ನಲ್ಲಿ ಡಾಟ್ ಪಿಎಸ್ ಅವರ ಕೈಗೆ ಬಂತು. ನೆಲದ ಗಡಿ ತೀರ್ಮಾನವಾಗದೆ ಉಳಿದಾಗಲೂ ಇಂಟರ್‌ನೆಟ್‌ನಲ್ಲಿ ಅವರ ಹೆಸರಿಗೆ ಒಂದು ಜಾಗ ಸಿಕ್ಕಿತು. ಇದು ಸಾಧ್ಯವಾದದ್ದು ಕಾಗದಪತ್ರ ಹಿಡಿದು ಸರಿಯಾದ ಬಾಗಿಲು ತಟ್ಟಿದ್ದರಿಂದ. ಯಾವ ಸೇವಾಸಂಸ್ಥೆಯೂ ಈ ಕೆಲಸ ಮಾಡಲಾಗುತ್ತಿರಲಿಲ್ಲ. ದೇಶದ ಪರವಾಗಿ ಕೇಳುವ ಅಧಿಕಾರ ಬೇಕಾಗಿತ್ತು.

ಅದೇ ಹೊತ್ತಿಗೆ ಇನ್ನೊಂದು ಬದಿಯಲ್ಲಿ ಬೇರೆ ಥರದ ಕೆಲಸ ನಡೆಯುತ್ತಿತ್ತು. ರಮಲ್ಲಾ ಹತ್ತಿರದ ಬಿರ್‌ಝೈತ್ ವಿಶ್ವವಿದ್ಯಾಲಯದವರು ನಿರಾಶ್ರಿತರ ಶಿಬಿರಗಳಲ್ಲಿ ಕಂಪ್ಯೂಟರ್ ಕೇಂದ್ರ ತೆರೆಯುವ ಯೋಜನೆ ಹಾಕಿಕೊಂಡರು. ಮೊದಲ ಕೇಂದ್ರ ಬಂದದ್ದು 1999ರಲ್ಲಿ, ಬೆತ್ಲೆಹೆಮ್ ಪಕ್ಕದ ದಹೇಶಾ ಶಿಬಿರದಲ್ಲಿ. 1948ರಲ್ಲಿ ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ ಊರು ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ. ಅವರ ನೆಂಟರಿಷ್ಟರು ಲೆಬನಾನಿನ ಶಿಬಿರಗಳಲ್ಲಿ ಸಿಕ್ಕಿಕೊಂಡಿದ್ದಾರೆ. ಗಡಿ ದಾಟುವ ಹಾಗಿಲ್ಲ. ಆ ಕೇಂದ್ರದಲ್ಲಿ ಕೂತ ಮಕ್ಕಳು ಲೆಬನಾನಿನ ಶಿಬಿರದ ಮಕ್ಕಳಿಗೆ ಮೊದಲ ಸಲ ಇಮೇಲ್ ಬರೆದರು, ಚಾಟ್ ಮಾಡಿದರು. ನಿಮ್ಮ ಅಜ್ಜಿ ಊರು ಯಾವುದು, ನಮ್ಮದೂ ಅದೇ ಅಂತ. ಐಟಿ ಅಂದರೆ ರಫ್ತು, ಉದ್ಯೋಗ ಅಂತ ಲೆಕ್ಕ ಹಾಕುವ ಮೊದಲು ಅಲ್ಲಿನ ಜನಕ್ಕೆ ಕಂಪ್ಯೂಟರ್ ಹತ್ತಿರವಾದದ್ದು ಹೀಗೆ.

ಅದೇ 1999ರಲ್ಲಿ ಪೀಟಾ ಶುರುವಾಯಿತು. ಇದು ಐಟಿ ಕಂಪನಿಗಳೇ ಸೇರಿ ಕಟ್ಟಿಕೊಂಡ ಲಾಭರಹಿತ ಒಕ್ಕೂಟ. ಮೇಳ ಏರ್ಪಡಿಸುವುದು, ಹೊರದೇಶದ ಗಿರಾಕಿಗಳನ್ನು ಹುಡುಕುವುದು, ಕಾನೂನು ಹೀಗಿರಬೇಕು ಅಂತ ಸಚಿವಾಲಯದ ಬಾಗಿಲಲ್ಲಿ ಕೂರುವುದು ಇದರ ಕೆಲಸ. 2004ರಲ್ಲಿ ಪಿಕ್ಟಿ ಅನ್ನುವ ಇನ್‌ಕ್ಯುಬೇಟರ್ ಬಂತು. ಇನ್‌ಕ್ಯುಬೇಟರ್ ಅಂದರೆ ಹೊಸ ಐಡಿಯಾ ಇಟ್ಟುಕೊಂಡು ಬಂದವರಿಗೆ ಕೂರಲು ಜಾಗ, ಇಂಟರ್‌ನೆಟ್, ವಕೀಲರ ಸಲಹೆ, ಮೊದಲ ಸಣ್ಣ ಬಂಡವಾಳ ಕೊಟ್ಟು ಕಂಪನಿ ಆಗುವವರೆಗೂ ಕೈ ಹಿಡಿಯುವ ಕಡೆ. ಗಾಜಾದ ಇಸ್ಲಾಮಿಕ್ ವಿಶ್ವವಿದ್ಯಾಲಯ, ಅನ್ವಯಿಕ ವಿಜ್ಞಾನಗಳ ಕಾಲೇಜು ಕೂಡ ತಮ್ಮದೇ ಇನ್‌ಕ್ಯುಬೇಟರ್ ನಡೆಸಿದವು.

ಇವೆಲ್ಲದರ ನಡುವೆ ಒಂದು ಹೆಸರನ್ನು ಬೇರೆಯಾಗಿಯೇ ಹೇಳಬೇಕು: ಗಾಜಾ ಸ್ಕೈ ಗೀಕ್ಸ್. 2011ರಲ್ಲಿ ಮರ್ಸಿ ಕೋರ್ ಅನ್ನುವ ಅಂತರರಾಷ್ಟ್ರೀಯ ಸೇವಾಸಂಸ್ಥೆ ಗೂಗಲ್ ಕೊಟ್ಟ ಅನುದಾನದಿಂದ ಇದನ್ನು ಶುರು ಮಾಡಿತು. ಗಾಜಾಗೆ ಆಗಲೇ ದಿಗ್ಬಂಧನ ಬಿದ್ದಿತ್ತು. ಒಳಗೆ ಬರುವುದೂ ಕಷ್ಟ, ಹೊರಗೆ ಹೋಗುವುದೂ ಕಷ್ಟ. ಕರೆಂಟಿನ ಪಾಡಂತೂ ಕೇಳಬೇಡಿ. ಎಂಟು ಗಂಟೆ ಇದ್ದರೆ ಎಂಟು ಗಂಟೆ ಇಲ್ಲ. 2017ರಲ್ಲಿ ದಿನಕ್ಕೆ ನಾಲ್ಕು ಗಂಟೆ ಸಿಕ್ಕರೆ ಪುಣ್ಯ ಅನ್ನುವಂತಾಯಿತು.

ಇಂಥ ಊರಿನಲ್ಲಿ ಒಬ್ಬ ಹುಡುಗಿ ಕೋಡಿಂಗ್ ಕಲಿಯುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಕರೆಂಟು ಬರುವುದು ರಾತ್ರಿ ಎರಡಕ್ಕೆ. ಲ್ಯಾಪ್‌ಟಾಪ್ ಚಾರ್ಜ್ ಆಗಬೇಕು, ನೀರಿನ ಮೋಟರ್ ಓಡಬೇಕು, ಬಟ್ಟೆ ಒಗೆಯಬೇಕು, ಎಲ್ಲ ಅದೇ ನಾಲ್ಕು ಗಂಟೆಯಲ್ಲಿ. ಜರ್ಮನಿಯ ಗಿರಾಕಿ ಬೆಳಗ್ಗೆ ಹತ್ತಕ್ಕೆ ವೀಡಿಯೊ ಕರೆಗೆ ಬಾ ಅಂದರೆ ಏನು ಮಾಡಬೇಕು? ಗಾಜಾ ಸ್ಕೈ ಗೀಕ್ಸ್ ಕೊಟ್ಟದ್ದು ಮೊದಲು ಇದಕ್ಕೆ ಉತ್ತರ: ಜನರೇಟರ್ ಇರುವ ಒಂದು ಹಾಲ್, ನಿಲ್ಲದ ಇಂಟರ್‌ನೆಟ್, ಒಂದು ಕುರ್ಚಿ. ಆಮೇಲೆ ತರಬೇತಿ. ಲಂಡನ್ನಿನ ಒಂದು ಕೋಡಿಂಗ್ ಶಾಲೆಯ ಜೊತೆ ಸೇರಿ ಕೋಡ್ ಅಕಾಡೆಮಿ ನಡೆಸಿದರು. ಆನ್‌ಲೈನಿನಲ್ಲಿ ಬಿಡಿ ಕೆಲಸ ಹಿಡಿಯುವುದು ಹೇಗೆ, ಗಿರಾಕಿಗೆ ಪತ್ರ ಬರೆಯುವುದು ಹೇಗೆ, ರೇಟು ಹೇಳುವುದು ಹೇಗೆ ಅಂತ ಕಲಿಸಿದರು. ಹುಡುಗಿಯರು ಬರಬೇಕು ಅಂತ ಮೊದಲಿನಿಂದಲೂ ಪಟ್ಟು ಹಿಡಿದು ಕೆಲಸ ಮಾಡಿದರು, ಅವರು ಬಂದರು ಕೂಡ.

ಸರ್ಕಾರ ಯಾಕೆ ಇದನ್ನು ಮಾಡಲಿಲ್ಲ ಅಂತ ಕೇಳಬಹುದು. ಹಮಾಸ್, ಫತಾ ಅಂತ ಪ್ಯಾಲೆಸ್ಟೀನಿಯರ ಎರಡು ಎದುರಾಳಿ ಬಣಗಳಿವೆ. 2007ರಿಂದ ಗಾಜಾದಲ್ಲಿ ಹಮಾಸ್, ರಮಲ್ಲಾದಲ್ಲಿ ಫತಾ. ಎರಡು ಕಡೆ ಎರಡು ಆಡಳಿತ. ಶಾಸನಸಭೆ ಅಂದಿನಿಂದ ಸೇರಿಯೇ ಇಲ್ಲ. ರಮಲ್ಲಾದ ಸಚಿವಾಲಯ ಗಾಜಾದಲ್ಲಿ ಒಂದು ತರಬೇತಿ ಕೇಂದ್ರ ತೆರೆಯುವುದೂ ರಾಜಕೀಯದ ಪ್ರಶ್ನೆ ಆಗಿಬಿಡುತ್ತಿತ್ತು. ಸೇವಾಸಂಸ್ಥೆಗಳಿಗೆ ಆ ತೊಡಕು ಕಡಿಮೆ.

ಪಶ್ಚಿಮ ದಂಡೆಯಲ್ಲಿ ಬೇರೊಂದು ದಾರಿ ತೆರೆದುಕೊಂಡಿತು. 2008ರಲ್ಲಿ ನೆಟ್‌ವರ್ಕ್ ಸಲಕರಣೆ ಮಾಡುವ ಅಮೆರಿಕದ ಸಿಸ್ಕೊ ಕಂಪನಿ ಪ್ಯಾಲೆಸ್ಟೀನಿನ ಐಟಿಗೆ 1 ಕೋಟಿ ಡಾಲರ್ ಹಾಕುತ್ತೇವೆ ಅಂತ ಹೇಳಿತು. ಅದರಲ್ಲಿ ಬರೀ ದಾನ ಇರಲಿಲ್ಲ, ಕೆಲಸವೂ ಇತ್ತು. ರಮಲ್ಲಾದ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವ, ಪರೀಕ್ಷೆ ಮಾಡುವ ಕೆಲಸ ಕೊಟ್ಟರು. ಆಮೇಲೆ ಬೇರೆ ದೊಡ್ಡ ಕಂಪನಿಗಳೂ ಬಂದವು. 2000ದಲ್ಲಿ ಶುರುವಾಗಿದ್ದ ಅಸಲ್ ಟೆಕ್ನಾಲಜೀಸ್‌ನಂಥವು ಹೀಗೆ ಬೆಳೆದವು. 2011ರಲ್ಲಿ ಸದಾರಾ ವೆಂಚರ್ಸ್ ಅನ್ನುವ ಬಂಡವಾಳ ನಿಧಿ ಬಂತು. ಒಬ್ಬ ಪ್ಯಾಲೆಸ್ಟೀನಿ, ಒಬ್ಬ ಇಸ್ರೇಲಿ ಸೇರಿ ಕಟ್ಟಿದ್ದು ಅದು. ಸಿಸ್ಕೊ, ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಜೊತೆಗೆ ದತ್ತಿ ಸಂಸ್ಥೆಗಳ ದುಡ್ಡೂ ಅದರಲ್ಲಿತ್ತು. ಖಾಸಗಿ ಬಂಡವಾಳ ಹೆದರಿ ನಿಂತ ಕಡೆ ಮೊದಲ ಹೆಜ್ಜೆ ಇಡಲು ಇಂಥ ದುಡ್ಡು ಬೇಕಾಗುತ್ತದೆ, ಅಲ್ವಾ?

ಭಾರತದ ಪಾಲೂ ಇದೆ. ಬಿರ್‌ಝೈತ್‌ನಲ್ಲಿ 1.2 ಕೋಟಿ ಡಾಲರ್ ವೆಚ್ಚದ ಟೆಕ್ನೋ ಪಾರ್ಕ್‌ಗೆ ಭಾರತ ಸರ್ಕಾರ ನೆರವು ಕೊಟ್ಟಿತು. ಸರ್ಕಾರ ಸರ್ಕಾರಕ್ಕೆ ಕೊಟ್ಟ ನೆರವು, ನಿಂತದ್ದು ವಿಶ್ವವಿದ್ಯಾಲಯದ ನೆಲದಲ್ಲಿ. ಪ್ಯಾಲೆಸ್ಟೀನಿನಲ್ಲಿ ಇಂಥ ಮಿಶ್ರಣ ಮಾಮೂಲು.

ಇಷ್ಟೆಲ್ಲ ಹೇಳಿದ ಮೇಲೆ ಸೇವಾಸಂಸ್ಥೆಗಳ ದಾರಿಯ ತೊಂದರೆಯನ್ನೂ ಹೇಳಬೇಕು. ಅವುಗಳ ದುಡ್ಡಿಗೆ ಕೊನೆಯ ತಾರೀಖು ಇರುತ್ತದೆ. ಎರಡು ವರ್ಷದ ಯೋಜನೆ, ಮೂರು ವರ್ಷದ ಯೋಜನೆ. ಇಷ್ಟು ಜನಕ್ಕೆ ತರಬೇತಿ ಕೊಟ್ಟೆವು ಅಂತ ವರದಿ ಹೋಗುತ್ತದೆ, ಯೋಜನೆ ಮುಗಿಯುತ್ತದೆ. ಕಲಿತವರಿಗೆ ಕೆಲಸ ಸಿಕ್ಕಿತಾ, ಐದು ವರ್ಷ ಆದ ಮೇಲೂ ಆ ಕಂಪನಿ ಇದೆಯಾ ಅಂತ ಕೇಳುವ ಹೊತ್ತಿಗೆ ಕೇಳುವವರೇ ಇರುವುದಿಲ್ಲ. ಇನ್ನು ದುಡ್ಡು ಬರುವ ದೇಶದ ರಾಜಕೀಯ ಬದಲಾದರೆ ಮುಗಿಯಿತು. 2019ರ ಜನವರಿ ಕೊನೆಗೆ ಅಮೆರಿಕದ ಒಂದು ಹೊಸ ಕಾನೂನಿನ ಕಾರಣಕ್ಕೆ ಆ ದೇಶದ ಸರ್ಕಾರಿ ನೆರವು ಸಂಸ್ಥೆ ಯುಎಸ್‌ಏಡ್ ಪಶ್ಚಿಮ ದಂಡೆ ಮತ್ತು ಗಾಜಾದ ಎಲ್ಲ ನೆರವು ನಿಲ್ಲಿಸಿತು. 2021ರಲ್ಲಿ ಮತ್ತೆ ಶುರುವಾಯಿತು. 2025ರಲ್ಲಿ ಯುಎಸ್‌ಏಡ್ ಸಂಸ್ಥೆಯೇ ಬಾಗಿಲು ಹಾಕಿತು. ಒಂದು ಕ್ಷೇತ್ರವನ್ನು ಹೀಗೆ ನಲ್ಲಿ ತಿರುಗಿಸಿ ಮುಚ್ಚಿ ಬೆಳೆಸಲು ಆಗುವುದಿಲ್ಲ.

ಎಷ್ಟೇ ಒಳ್ಳೆಯ ಸಂಸ್ಥೆಯಾದರೂ ಮಾಡಲಾಗದ ಕೆಲಸಗಳೂ ಇವೆ. ಗಾಜಾದ ಹುಡುಗಿ ಕೆಲಸ ಮುಗಿಸಿ ಕಳಿಸಿದಳು, ಗಿರಾಕಿಗೆ ಖುಷಿಯಾಯಿತು. ಪೇಪಾಲ್ ಖಾತೆ ಕೊಡಿ, ದುಡ್ಡು ಹಾಕುತ್ತೇನೆ ಅನ್ನುತ್ತಾನೆ. ಅವಳ ಹತ್ತಿರ ಇಲ್ಲ, ಇರುವ ಹಾಗೂ ಇಲ್ಲ. ಪೇಪಾಲ್ ಅಂದರೆ ದೇಶದಿಂದ ದೇಶಕ್ಕೆ ಆನ್‌ಲೈನಿನಲ್ಲಿ ದುಡ್ಡು ಕಳಿಸುವ ಸೇವೆ. ಜಗತ್ತಿನ 200ಕ್ಕೂ ಹೆಚ್ಚು ಕಡೆ ಇರುವ ಅದು ಪಶ್ಚಿಮ ದಂಡೆಯ ಮತ್ತು ಗಾಜಾದ ಪ್ಯಾಲೆಸ್ಟೀನಿಯರಿಗೆ ಸೇವೆ ಕೊಡುವುದಿಲ್ಲ. ಅದೇ ಪಶ್ಚಿಮ ದಂಡೆಯ ವಸಾಹತಿನಲ್ಲಿರುವ ಇಸ್ರೇಲಿಯರಿಗೆ ಕೊಡುತ್ತದೆ. 2016ರಲ್ಲಿ ಪ್ಯಾಲೆಸ್ಟೀನಿನ ಸುಮಾರು 40 ಸಂಸ್ಥೆಗಳು ಸೇರಿ ಪೇಪಾಲ್‌ಗೆ ಬಹಿರಂಗ ಪತ್ರ ಬರೆದವು. ಬಾಗಿಲು ತೆರೆಯಲಿಲ್ಲ. ಬೇರೆ ದಾರಿಯಲ್ಲಿ ದುಡ್ಡು ತರಿಸಿಕೊಳ್ಳಬಹುದು. ಆದರೆ ಪ್ರತಿ ಸಲ ಶುಲ್ಕ, ಪ್ರತಿ ಸಲ ವಿವರಣೆ. ದೂರದ ಗಿರಾಕಿಗೆ ಇದು ರಗಳೆ ಅನ್ನಿಸಿದರೆ ಅವನು ಬೇರೆ ಯಾರನ್ನೋ ಹುಡುಕಿಕೊಳ್ಳುತ್ತಾನೆ.

ಸರ್ಕಾರದ ಕೈಲಿದ್ದ ಕೆಲಸಗಳೂ ತಡವಾದವು ಅನ್ನುವುದನ್ನು ಮುಚ್ಚಿಡಬಾರದು. ಎಲ್ಲದಕ್ಕೂ ಇಸ್ರೇಲಿನ ಹಿಡಿತವನ್ನೇ ತೋರಿಸಿದರೆ ಅಲ್ಲಿನ ಐಟಿಯವರೇ ಒಪ್ಪುವುದಿಲ್ಲ. ಸ್ವತಂತ್ರ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಬೇಕು ಅಂತ 2009ರಲ್ಲೇ ಆದೇಶ ಆಗಿತ್ತು. ಅದು ಕಾಗದದಲ್ಲೇ ಉಳಿಯಿತು. 2021ರಲ್ಲಿ ಮತ್ತೆ ಹೊಸ ಕಾನೂನು ಬರೆಯಬೇಕಾಯಿತು. ಎಲೆಕ್ಟ್ರಾನಿಕ್ ಸಹಿ, ಆನ್‌ಲೈನ್ ಒಪ್ಪಂದಕ್ಕೆ ಬೆಲೆ ಕೊಡುವ ಕಾನೂನು ಬಂದದ್ದು 2017ರಲ್ಲಿ. ಶಾಸನಸಭೆ ಇಲ್ಲದ್ದರಿಂದ ಇವೆಲ್ಲ ಅಧ್ಯಕ್ಷರ ಆದೇಶದ ಮೇಲೆ ಬಂದ ಕಾನೂನುಗಳು, ಗಾಜಾದಲ್ಲಿ ಜಾರಿಗೆ ಬರುವುದು ಕಷ್ಟ. ಅದೇ 2017ರಲ್ಲಿ ಬಂದ ಸೈಬರ್ ಅಪರಾಧ ಕಾನೂನು ಮಾತಿನ ಸ್ವಾತಂತ್ರ್ಯಕ್ಕೇ ಕೈ ಹಾಕಿತು ಅಂತ ಪತ್ರಕರ್ತರು, ಮಾನವ ಹಕ್ಕಿನವರು ಎದ್ದುನಿಂತರು. ಮರುವರ್ಷ ಅದನ್ನು ತಿದ್ದಿ ಬರೆದರು. ದುಡ್ಡಿನ ಕೊರತೆಯೂ ನಿಜ. ಪ್ರಾಧಿಕಾರದ ಆದಾಯದ ದೊಡ್ಡ ಪಾಲು ಸುಂಕ, ಅದನ್ನು ವಸೂಲಿ ಮಾಡುವುದು ಇಸ್ರೇಲ್. ಅದು ಆಗಾಗ ಹಿಡಿದಿಟ್ಟುಕೊಳ್ಳುತ್ತದೆ. 2021ರ ಕೊನೆಯಿಂದ ಸರ್ಕಾರಿ ನೌಕರರಿಗೆ ಪೂರ್ತಿ ಸಂಬಳ ಕೊಡಲಾಗುತ್ತಿಲ್ಲ. ಸಂಬಳಕ್ಕೇ ತತ್ವಾರ ಆಗಿರುವ ಸರ್ಕಾರ ಸ್ಥಳೀಯ ಕಂಪನಿಯಿಂದ ಸಾಫ್ಟ್‌ವೇರ್ ಕೊಳ್ಳುವುದು ಹೇಗೆ?

2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮತ್ತು ಹಮಾಸ್ ನಡುವೆ ಯುದ್ಧ ಶುರುವಾಯಿತು. ಅದರ ನಂತರದ್ದನ್ನು ಬರೆಯುವುದು ಕಷ್ಟ. ಗಾಜಾ ಸ್ಕೈ ಗೀಕ್ಸ್ ಇದ್ದ ಕಟ್ಟಡ ಹೋಯಿತು. ಇಸ್ಲಾಮಿಕ್ ವಿಶ್ವವಿದ್ಯಾಲಯ ಬಾಂಬಿಗೆ ಬಿತ್ತು. ಅಕ್ಟೋಬರ್ 27ರ ರಾತ್ರಿ ಇಡೀ ಗಾಜಾದ ಫೋನ್, ಇಂಟರ್‌ನೆಟ್ ಎಲ್ಲ ಒಂದೇ ಸಲ ನಿಂತವು. ಆಮೇಲೂ ಎಷ್ಟೋ ಸಲ ಹಾಗಾಯಿತು. 2024ರ ಜನವರಿಯಲ್ಲಿ ಸುಮಾರು ಒಂದು ವಾರ ಸಂಪರ್ಕವೇ ಇರಲಿಲ್ಲ. ಆ ವಾರದಲ್ಲೇ ಖಾನ್ ಯೂನಿಸ್‌ನಲ್ಲಿ ಕೇಬಲ್ ರಿಪೇರಿಗೆ ಹೋಗಿದ್ದ ಪಾಲ್ಟೆಲ್‌ನ ಇಬ್ಬರು ಕೆಲಸಗಾರರು ಸತ್ತರು. ಕೋಡಿಂಗ್ ಕಲಿತವರಲ್ಲಿ ಬದುಕಿ ಉಳಿದವರು ಸೋಲಾರ್ ಪ್ಯಾನೆಲ್ ಇರುವ ಡೇರೆಗಳಲ್ಲಿ ಕೂತು ಮತ್ತೆ ಹೊರದೇಶದ ಕೆಲಸ ಹಿಡಿದರು.

ಇದೇ ಹೊತ್ತಿನಲ್ಲಿ ಹಳೆಯ ಒಂದು ಕೆಲಸ ಫಲ ಕೊಟ್ಟಿತು. 2020ರಲ್ಲಿ ಪ್ಯಾಲೆಸ್ಟೀನಿನ ಹಣಕಾಸು ಪ್ರಾಧಿಕಾರ, ಅಂದರೆ ಅಲ್ಲಿನ ರಿಸರ್ವ್ ಬ್ಯಾಂಕ್ ಇದ್ದ ಹಾಗೆ, ಮೊಬೈಲ್ ವ್ಯಾಲೆಟ್ ಕಂಪನಿಗಳಿಗೆ ಪರವಾನಗಿ ಕೊಟ್ಟಿತ್ತು. ಆಗ ಅದೊಂದು ಸಣ್ಣ ಸುದ್ದಿ. ಯುದ್ಧದಲ್ಲಿ ಗಾಜಾದ ಬ್ಯಾಂಕುಗಳು ಮುಚ್ಚಿದವು, ಎಟಿಎಂ ಹಾಳಾದವು, ಹೊಸ ನೋಟು ಒಳಗೆ ಬರಲಿಲ್ಲ. ಖಾತೆಯಲ್ಲಿರುವ ದುಡ್ಡನ್ನು ನಗದು ಮಾಡಿಕೊಡಲು ದಲ್ಲಾಳಿಗಳು ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಮುರಿದುಕೊಂಡರು. ಆಗ ಯುನಿಸೆಫ್ ಕುಟುಂಬಗಳಿಗೆ ಕೊಡುವ ನೆರವನ್ನು ನೇರವಾಗಿ ಮೊಬೈಲ್ ವ್ಯಾಲೆಟ್‌ಗೆ ಹಾಕತೊಡಗಿತು. ಪರವಾನಗಿ ಸರ್ಕಾರದ್ದು, ಆ್ಯಪ್ ಕಂಪನಿಯದ್ದು, ದುಡ್ಡು ನೆರವು ಸಂಸ್ಥೆಯದ್ದು. ಒಬ್ಬರು ಇಲ್ಲದಿದ್ದರೂ ಆಗುತ್ತಿರಲಿಲ್ಲ.

ಈಗ ಒಬ್ಬ ತಾಯಿ ದಲ್ಲಾಳಿಯ ಹತ್ತಿರ ಹೋಗದೆ ತರಕಾರಿಯವನ ಮುಂದೆ ನಿಂತು ಫೋನಿನಲ್ಲೇ ದುಡ್ಡು ಕಳಿಸುತ್ತಾಳೆ. ನೆಟ್‌ವರ್ಕ್ ಇನ್ನೂ 2ಜಿ. ಟೊಮೆಟೊ ತಕ್ಕಡಿಯಲ್ಲಿ ತೂಗಿ ಆಗಿದೆ. ಅವನು ಚೀಲ ಕೈಲಿ ಹಿಡಿದು, ತನ್ನ ಫೋನಿಗೆ ಮೆಸೇಜ್ ಬರುವುದನ್ನೇ ಕಾಯುತ್ತಾ ನಿಂತಿರುತ್ತಾನೆ.